ಕೊರಿಯಾದಲ್ಲಿ ಮೊದಲ ಮೂರು ತಿಂಗಳು: ಮೊದಲು ಯಾವುದು, ಆಮೇಲೆ ಯಾವುದು?

ಪ್ರಶ್ನೆ: ಬೆಂಗಳೂರಿನಿಂದ ಹೊರಟಿರುವ ಎಂಜಿನಿಯರ್

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರುವರಿಯಲ್ಲಿ ಉದ್ಯೋಗದ ನಿಮಿತ್ತ ನಾನು ದಕ್ಷಿಣ ಕೊರಿಯಾದ ಸುವಾನ್ ನಗರಕ್ಕೆ ಹೊರಟಿದ್ದೇನೆ. ಕನಿಷ್ಠ ಎರಡು ವರ್ಷ ಅಲ್ಲಿರಬೇಕಾಗಬಹುದು. ಮಾರ್ಚ್‌ನಲ್ಲಿ ನನ್ನ ಪತ್ನಿ ಬರುತ್ತಾರೆ. ಏಪ್ರಿಲ್‌ನಲ್ಲಿ ನಮ್ಮ ತಾಯಿಯವರು ಮೂರು ವಾರಗಳ ಮಟ್ಟಿಗೆ ಬಂದು ಹೋಗುವವರಿದ್ದಾರೆ. ಅಮ್ಮನಿಗೆ ಅರವತ್ತೆಂಟು ವರ್ಷ, ಮಂಡಿನೋವಿದೆ, ಮೊಟ್ಟೆಯನ್ನೂ ಮುಟ್ಟುವವರಲ್ಲ. ಅಂತರ್ಜಾಲದಲ್ಲಿ ಸಿಗುವ ಪಟ್ಟಿಗಳನ್ನು ಓದಿ ಓದಿ ತಲೆ ತುಂಬಿದೆಯೇ ಹೊರತು, ಯಾವ ಕೆಲಸವನ್ನು ಮೊದಲು ಮಾಡಬೇಕು, ಯಾವುದನ್ನು ಬಿಟ್ಟರೆ ಮುಂದಿನದು ನಿಂತುಹೋಗುತ್ತದೆ ಎಂಬುದು ಗೊತ್ತಾಗುತ್ತಿಲ್ಲ. ಅಲ್ಲಿ ಸಂಸಾರ ಹೂಡಿದವರು ದಯವಿಟ್ಟು ವಿವರವಾಗಿ ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ 1: ಸುವಾನ್‌ನಲ್ಲಿ ಏಳು ವರ್ಷಗಳಿಂದ ಇರುವವರು

ನಮಸ್ಕಾರ ಸರ್. ನಿಮ್ಮ ಪ್ರಶ್ನೆ ಸರಿಯಾದ ಕಡೆಯಿಂದಲೇ ಶುರುವಾಗಿದೆ. ಕೊರಿಯಾದಲ್ಲಿ ಕೆಲಸಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ತೊಂಬತ್ತು ದಿನಕ್ಕಿಂತ ಹೆಚ್ಚು ಇರುವ ಪ್ರತಿಯೊಬ್ಬ ವಿದೇಶಿಯೂ ದೇಶಕ್ಕೆ ಕಾಲಿಟ್ಟ ತೊಂಬತ್ತು ದಿನಗಳೊಳಗೆ ವಲಸೆ ಕಚೇರಿಯಲ್ಲಿ ನೋಂದಾಯಿಸಿಕೊಂಡು ವಿದೇಶಿ ನೋಂದಣಿ ಕಾರ್ಡ್ ಪಡೆಯಬೇಕು. ಆ ಕಾರ್ಡ್ ಇಲ್ಲದೆ ನಿಮ್ಮ ಹೆಸರಿನಲ್ಲಿ ಸರಿಯಾದ ಮೊಬೈಲ್ ಸಂಪರ್ಕವಿಲ್ಲ. ಮೊಬೈಲ್ ಇಲ್ಲದೆ ಬ್ಯಾಂಕಿನ ಆ್ಯಪ್ ಇಲ್ಲ. ಇವೆರಡೂ ಇಲ್ಲದೆ ಮನೆಗೆ ಸಾಮಾನು ತರಿಸುವುದರಿಂದ ಹಿಡಿದು ಆಸ್ಪತ್ರೆಯ ಸಮಯ ಕಾಯ್ದಿರಿಸುವವರೆಗೆ ಎಲ್ಲವೂ ಅರ್ಧಕ್ಕೆ ನಿಲ್ಲುತ್ತದೆ. ಕೊರಿಯಾದ ಹೆಚ್ಚಿನ ಜಾಲತಾಣಗಳು ನೀವು ಯಾರೆಂಬುದನ್ನು ಮೊಬೈಲ್ ಸಂಖ್ಯೆಯ ಮೂಲಕವೇ ದೃಢಪಡಿಸಿಕೊಳ್ಳುತ್ತವೆ. ಇದಕ್ಕೆ ಅಲ್ಲಿ ‘ಬೋನಿನ್ ಇಂಜುಂಗ್’ ಎನ್ನುತ್ತಾರೆ. ಈ ಪದವನ್ನು ಈಗಲೇ ಬಾಯಿಪಾಠ ಮಾಡಿಕೊಳ್ಳಿ. ಮೊದಲ ತಿಂಗಳಲ್ಲಿ ದಿನಕ್ಕೆರಡು ಬಾರಿಯಾದರೂ ಎದುರಾಗುತ್ತದೆ.

ಆದ್ದರಿಂದ ವಿಮಾನ ಇಳಿದ ವಾರದಲ್ಲೇ ‘ಹೈಕೊರಿಯಾ’ ಎಂಬ ಸರ್ಕಾರಿ ಜಾಲತಾಣದಲ್ಲಿ ಸುವಾನ್ ವಲಸೆ ಕಚೇರಿಯ ಭೇಟಿಗೆ ದಿನ ಕಾಯ್ದಿರಿಸಿ. ಭೇಟಿಯ ಸಮಯಗಳು ಬೇಗ ತುಂಬಿಹೋಗುತ್ತವೆ, ಬೆರಳಚ್ಚು ಕೊಟ್ಟ ಮೇಲೂ ಕಾರ್ಡ್ ಕೈಸೇರಲು ಕೆಲವು ವಾರ ಹಿಡಿಯುತ್ತದೆ. ಅನುಮಾನವಿದ್ದರೆ 1345 ಸಂಖ್ಯೆಗೆ ಕರೆ ಮಾಡಿ. ಅದು ವಿದೇಶಿಯರಿಗಾಗಿಯೇ ಇರುವ ಸರ್ಕಾರಿ ಸಹಾಯವಾಣಿ. ಇಂಗ್ಲಿಷಿನಲ್ಲಿ ಉತ್ತರ ಸಿಗುತ್ತದೆ. ಮುಂದೆ ಮನೆ ಬದಲಿಸಿದರೆ ಹದಿನೈದು ದಿನಗಳೊಳಗೆ ಹೊಸ ವಿಳಾಸ ತಿಳಿಸಬೇಕು, ತಪ್ಪಿದರೆ ದಂಡ ಬೀಳುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು: ನಿಮ್ಮ ಹೆಸರು. ನಮ್ಮ ಕಡೆಯವರ ಪಾಸ್‌ಪೋರ್ಟ್‌ಗಳಲ್ಲಿ ಊರಿನ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಒಂದರ ಹಿಂದೊಂದು ಬಂದಿರುತ್ತವೆ. ಹಲವರಿಗೆ ಕುಲನಾಮದ ಜಾಗ ಖಾಲಿ ಇರುತ್ತದೆ. ಕೊರಿಯಾದವರ ಹೆಸರು ಸಾಮಾನ್ಯವಾಗಿ ಮೂರೇ ಅಕ್ಷರಗಳದು, ಆದ್ದರಿಂದ ಅಲ್ಲಿನ ಅರ್ಜಿಗಳೂ ಗಣಕಗಳೂ ನಮ್ಮ ಹೆಸರನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನನ್ನ ವಿಷಯದಲ್ಲಿ ಬ್ಯಾಂಕಿನವರು ಎರಡು ಪದಗಳ ನಡುವೆ ಜಾಗ ಬಿಟ್ಟು ನಮೂದಿಸಿದ್ದರು, ಮೊಬೈಲ್ ಅಂಗಡಿಯವರು ಜಾಗ ಬಿಡದೆ ಕೂಡಿಸಿ ಬರೆದಿದ್ದರು. ಅಷ್ಟಕ್ಕೇ ಹನ್ನೊಂದು ದಿನ ಯಾವ ಆ್ಯಪ್ ಕೂಡ ನನ್ನನ್ನು ನಾನೆಂದು ಒಪ್ಪಲಿಲ್ಲ. ಪರದೆಯ ಮೇಲೆ ‘ಮಾಹಿತಿ ಹೊಂದಾಣಿಕೆಯಾಗುತ್ತಿಲ್ಲ’ ಎಂಬ ಒಂದೇ ಸಾಲು ಬರುತ್ತಿತ್ತು. ದೋಷ ಎಲ್ಲಿದೆ ಎಂಬುದನ್ನು ಅದು ಹೇಳುತ್ತಿರಲಿಲ್ಲ. ಕೊನೆಗೆ ಬ್ಯಾಂಕಿನ ಹಿರಿಯ ಗುಮಾಸ್ತೆಯೊಬ್ಬರು ನನ್ನ ಕಾರ್ಡನ್ನೂ ಮೊಬೈಲ್ ಒಪ್ಪಂದದ ಹಾಳೆಯನ್ನೂ ಅಕ್ಕಪಕ್ಕ ಇಟ್ಟು, ಪೆನ್ಸಿಲ್ಲಿನ ತುದಿಯಿಂದ ಒಂದೊಂದೇ ಅಕ್ಷರ ಮುಟ್ಟುತ್ತಾ ಬಂದು, ಆ ಖಾಲಿ ಜಾಗದ ಮೇಲೆ ನಿಲ್ಲಿಸಿದರು. ಆದ್ದರಿಂದ ಎಲ್ಲಿ ಹೋದರೂ ಕಾರ್ಡಿನಲ್ಲಿ ಅಚ್ಚಾಗಿರುವ ಹಾಗೆಯೇ, ಅದೇ ಕ್ರಮದಲ್ಲಿ, ಅದೇ ಅಂತರದಲ್ಲಿ ಬರೆಯಲು ಹೇಳಿ, ಬರೆದ ಮೇಲೆ ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಕೇಳಿಕೊಂಡು ಕಣ್ಣಾರೆ ನೋಡಿ. ಪಾಸ್‌ಪೋರ್ಟ್ ತೋರಿಸಿ ತಾತ್ಕಾಲಿಕ ಸಿಮ್ ಕೊಂಡಿದ್ದರೆ, ಕಾರ್ಡ್ ಬಂದ ದಿನವೇ ಅಂಗಡಿಗೆ ಮರಳಿ ಹೋಗಿ ಸಂಖ್ಯೆಯನ್ನು ಕಾರ್ಡಿನ ಹೆಸರಿಗೆ ಬದಲಾಯಿಸಿಕೊಳ್ಳಿ.

ಬ್ಯಾಂಕಿನಲ್ಲಿ ಹೊಸಬರಿಗೆ ಮೊದಲು ಸಿಗುವುದು ಮಿತಿಯುಳ್ಳ ಖಾತೆ. 2024ರ ಮೇ ತಿಂಗಳಿಂದ ಅದರಲ್ಲಿ ಆನ್‌ಲೈನ್ ಮೂಲಕ ದಿನಕ್ಕೆ ಹತ್ತು ಲಕ್ಷ ವಾನ್‌ವರೆಗೆ ಕಳಿಸಬಹುದು. ಮೊದಲು ಮೂರೇ ಲಕ್ಷವಿತ್ತು. ಮನೆಯ ಮುಂಗಡದಂತಹ ದೊಡ್ಡ ಮೊತ್ತಕ್ಕೆ ಇದು ಸಾಲುವುದಿಲ್ಲವಾದ್ದರಿಂದ ಉದ್ಯೋಗಪತ್ರ ತೋರಿಸಿ ಮಿತಿ ತೆಗೆಸಿಕೊಳ್ಳುವ ಬಗೆಯನ್ನು ಖಾತೆ ತೆರೆಯುವಾಗಲೇ ವಿಚಾರಿಸಿ.

ಉತ್ತರ 2: ದೇಜಾನ್‌ನಲ್ಲಿ ಸಂಶೋಧನೆ ಮಾಡುತ್ತಿರುವವರು

ಮೇಲಿನ ಹಿರಿಯರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ, ಆದರೆ ಕಾರ್ಡಿಗೂ ಮೊದಲು ಬೆಂಗಳೂರಿನಲ್ಲಿ ಕುಳಿತೇ ಮುಗಿಸಬೇಕಾದ ಎರಡು ಕೆಲಸಗಳಿವೆ.

ಮೊದಲನೆಯದು ಕಾಗದಪತ್ರ. ದೀರ್ಘಾವಧಿ ವೀಸಾ ಕೇಳುವ ಭಾರತೀಯರು ನಿಗದಿತ ಆಸ್ಪತ್ರೆಯಿಂದ ಕ್ಷಯರೋಗ ತಪಾಸಣೆಯ ಪ್ರಮಾಣಪತ್ರ ತರಬೇಕು. ಪತ್ನಿಯವರಿಗೆ ಅವಲಂಬಿತರ ವೀಸಾ ಪಡೆಯಲು ವಿವಾಹ ನೋಂದಣಿ ಪತ್ರಕ್ಕೆ ರಾಜ್ಯ ಸರ್ಕಾರದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಂದರೆ ಪತ್ರ ಹೊರದೇಶದಲ್ಲಿಯೂ ಮಾನ್ಯವಾಗಲು ಹಾಕುವ ಅಧಿಕೃತ ಮುದ್ರೆ, ಬೇಕು. ಇವನ್ನು ಅಲ್ಲಿಗೆ ಹೋದ ಮೇಲೆ ಮಾಡಿಸುವುದು ಬಹಳ ಕಷ್ಟ. ಖಾಯಂ ನಿದ್ರೆಮಾತ್ರೆಯನ್ನೋ ತೀವ್ರ ನೋವಿನ ಮಾತ್ರೆಯನ್ನೋ ತೆಗೆದುಕೊಳ್ಳುವವರು ಯಾರಾದರೂ ಇದ್ದರೆ, ಮಾದಕ ವರ್ಗಕ್ಕೆ ಸೇರಿದ ಔಷಧಗಳಿಗೆ ಕೊರಿಯಾದ ಆಹಾರ ಮತ್ತು ಔಷಧ ಸುರಕ್ಷತಾ ಸಚಿವಾಲಯದ ಪೂರ್ವಾನುಮತಿ ಬೇಕೆಂಬುದನ್ನು ಮರೆಯಬೇಡಿ.

ಎರಡನೆಯದು ಲಿಪಿ. ಇದರ ಬಗ್ಗೆ ನನಗೆ ಹೇಳಿ ತೀರದಷ್ಟು ಆಸೆಯಿದೆ. ಹಂಗುಲ್ ಲಿಪಿಯನ್ನು ಸೇಜಾಂಗ್ ದೊರೆ ರೂಪಿಸಿ 1446ರಲ್ಲಿ ಪ್ರಕಟಿಸಿದ್ದು ಸಾಮಾನ್ಯ ಜನ ಬೇಗ ಕಲಿಯಲಿ ಎಂಬ ಉದ್ದೇಶದಿಂದಲೇ. ಇಂದು ಬಳಕೆಯಲ್ಲಿರುವ ಮೂಲ ಅಕ್ಷರಗಳು ಹದಿನಾಲ್ಕು ವ್ಯಂಜನ, ಹತ್ತು ಸ್ವರ, ಒಟ್ಟು ಇಪ್ಪತ್ತನಾಲ್ಕು. ವ್ಯಂಜನಕ್ಕೆ ಸ್ವರ ಸೇರಿಸಿ ಒಂದೇ ಚೌಕದಲ್ಲಿ ಕೂಡಿಸುವುದನ್ನು ಇಂಗ್ಲಿಷ್ ಮಾತ್ರ ಬಲ್ಲವರಿಗೆ ವಿವರಿಸಿ ಹೇಳಬೇಕಾಗುತ್ತದೆ; ಕಾಗುಣಿತ ತಿದ್ದಿ ಬೆಳೆದ ನಮಗೆ ಅದು ಒಮ್ಮೆ ನೋಡಿದರೆ ಸಾಕು. ವಾಕ್ಯದ ಕ್ರಮವೂ ಹಾಗೆಯೇ. ‘ನಾನುನ್ ಹಕ್‌ಕ್ಯೊಎ ಗಾಯೊ’ ಎಂದರೆ ‘ನಾನು ಶಾಲೆಗೆ ಹೋಗುತ್ತೇನೆ’: ಕರ್ತೃ ಮೊದಲು, ವಿಭಕ್ತಿ ಪ್ರತ್ಯಯ ನಾಮಪದದ ಬಾಲಕ್ಕೆ, ಕ್ರಿಯಾಪದ ಕೊನೆಗೆ. ನನ್ನ ಜೊತೆ ಭಾಷೆ ಕಲಿಯಲು ಬಂದಿದ್ದ ಯೂರೋಪಿನ ಸಹಪಾಠಿಗಳು ಆರು ತಿಂಗಳು ಗುದ್ದಾಡಿದ್ದನ್ನು ನಾನು ಕನ್ನಡದಲ್ಲಿ ಯೋಚಿಸಿ ಪದ ಬದಲಾಯಿಸುತ್ತಾ ಹೋದೆ. ಅಪ್ಪನಿಗೆ ‘ಅಪ್ಪಾ’, ಅಮ್ಮನಿಗೆ ‘ಅಮ್ಮಾ’ದ ಹತ್ತಿರದ ‘ಆಮ್ಮಾ’ ಎನ್ನುವುದನ್ನು ಕೇಳಿ ಊರು ನೆನಪಾಗುತ್ತಿತ್ತು. ಕಾಫಿ ಅಂಗಡಿಯ ಫಲಕ ಓದಿದ ದಿನವಂತೂ ಮರೆಯಲಾರೆ. ಅವರಲ್ಲಿ ಇಂಗ್ಲಿಷಿನ ‘ಎಫ್’ ಧ್ವನಿಯಿಲ್ಲದ ಕಾರಣ ಅಲ್ಲಿಯೂ ಅದು, ನಮ್ಮ ಅಜ್ಜಿಯ ಬಾಯಲ್ಲಿದ್ದ ಹಾಗೆ, ‘ಕಾಪಿ’ಯೇ.

ಎರಡು ವಾರಾಂತ್ಯ ಕೊಟ್ಟರೆ ಓದಲು ಬರುತ್ತದೆ. ಅರ್ಥ ತಿಳಿಯದಿದ್ದರೂ ಓದಲು ಬರುವುದರಿಂದ ಬಸ್ಸಿನ ಫಲಕ, ಔಷಧದಂಗಡಿ, ಶೌಚಾಲಯ, ಡಬ್ಬಿಯ ಮೇಲಿನ ಪದಾರ್ಥ ಪಟ್ಟಿ ಎಲ್ಲವೂ ನಿಮ್ಮ ಕೈಗೆ ಬರುತ್ತವೆ. ಉಳಿದದ್ದಕ್ಕೆ ಪಾಪಾಗೊ ಎಂಬ ಅನುವಾದದ ಆ್ಯಪ್ ಇದೆ. ಕ್ಯಾಮೆರಾ ಹಿಡಿದರೆ ಓದಿ ಹೇಳುತ್ತದೆ. ದಾರಿಗೆ ನೇವರ್ ಮ್ಯಾಪ್ ಅಥವಾ ಕಾಕಾವೊ ಮ್ಯಾಪ್ ಹಾಕಿಕೊಳ್ಳಿ. ನಿಖರ ಭೂಪಟದ ದತ್ತಾಂಶವನ್ನು ದೇಶದ ಹೊರಗೆ ಕೊಡಲು ಕೊರಿಯಾ ಸರ್ಕಾರ ವರ್ಷಗಟ್ಟಲೆ ಒಪ್ಪದ ಕಾರಣ, ನಡೆದು ಹೋಗುವ ದಾರಿ ತೋರಿಸುವುದರಲ್ಲಿ ಗೂಗಲ್ ಮ್ಯಾಪ್ ಅಲ್ಲಿ ನಮ್ಮೂರಿನಷ್ಟು ನಂಬಿಕೆಗೆ ಅರ್ಹವಾಗಿ ಉಳಿದಿಲ್ಲ.

ಉತ್ತರ 3: ಸಿಯೋಲ್‌ನಲ್ಲಿ ಮನೆ ನಡೆಸುತ್ತಿರುವ ಗೃಹಿಣಿ

ನಿಮ್ಮ ಪತ್ನಿಯವರಿಗೆ ಉಪಯೋಗವಾಗಲೆಂದು ಅಡುಗೆಮನೆಯ ವಿಷಯವನ್ನಷ್ಟೇ ಬರೆಯುತ್ತೇನೆ.

ಸಣ್ಣ ಮನೆಗಳಲ್ಲಿ ಹೆಚ್ಚಾಗಿ ಇಂಡಕ್ಷನ್ ಒಲೆ ಇರುವುದರಿಂದ ಅಲ್ಯೂಮಿನಿಯಂ ಕುಕ್ಕರ್ ತಂದರೆ ಮೂಲೆ ಸೇರುತ್ತದೆ. ಇಂಡಕ್ಷನ್‌ಗೆ ಹೊಂದುವ ತಳವಿರುವ ಸ್ಟೀಲಿನದನ್ನೇ ತನ್ನಿ. ವಿದ್ಯುತ್ 220 ವೋಲ್ಟ್ ಆದ್ದರಿಂದ ಮಿಕ್ಸಿ ನಡೆಯುತ್ತದೆ, ಆದರೆ ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿನ ಎರಡು ದುಂಡು ತೂತಿಗೆ ಹೋಗುವುದಿಲ್ಲ, ಅಡಾಪ್ಟರ್ ಬೇಕು. ರಾತ್ರಿ ಒಂಬತ್ತರ ಮೇಲೆ ಮಿಕ್ಸಿ ಹಾಕಬೇಡಿ. ಮಹಡಿಯಿಂದ ಮಹಡಿಗೆ ಕೇಳಿಸುವ ಸದ್ದು ಅಲ್ಲಿ ಅಕ್ಕಪಕ್ಕದವರ ನಡುವೆ ಮನಸ್ತಾಪಕ್ಕೆ ದೊಡ್ಡ ಕಾರಣ. ದೋಸೆ ಹಿಟ್ಟಿಗೆ ಚಿಂತೆ ಬೇಡ: ಅಲ್ಲಿನ ಮನೆಗಳಲ್ಲಿ ನೆಲದ ಕೆಳಗೇ ಬಿಸಿನೀರಿನ ಕೊಳವೆ ಹರಿಯುವ ‘ಒಂದೊಲ್’ ವ್ಯವಸ್ಥೆಯಿದೆ. ಫೆಬ್ರುವರಿಯ ಹಿಮದಲ್ಲಿಯೂ ಹಿಟ್ಟಿನ ಪಾತ್ರೆಯನ್ನು ರಾತ್ರಿ ನೆಲದ ಮೇಲೆ ಟವೆಲ್ ಸುತ್ತಿಟ್ಟರೆ, ಬೆಳಿಗ್ಗೆ ಮುಚ್ಚಳ ತೆಗೆದಾಗ ಊರಿನ ಬೇಸಿಗೆಯ ಹಾಗೆ ಹುದುಗು ಬಂದು ಅಂಚಿಗೆ ಏರಿರುತ್ತದೆ. ಅಲ್ಲಿನ ಅಕ್ಕಿ ಗುಂಡಗೆ, ಅಂಟು ಹೆಚ್ಚು; ಚಿತ್ರಾನ್ನಕ್ಕೆ ಸರಿಬರುವುದಿಲ್ಲ, ಮೊಸರನ್ನಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಮೊಸರು ಕೊಳ್ಳುವಾಗ ‘ಮುಗಾದಂಗ್’ ಎಂದು ಬರೆದಿರುವುದನ್ನೇ ಹುಡುಕಿ, ಅಂದರೆ ಸಕ್ಕರೆ ಹಾಕದ್ದು. ಬೇಳೆ, ಸಾಸಿವೆ, ಹುಣಸೆಹಣ್ಣು ಎಲ್ಲವೂ ಸಿಯೋಲ್‌ನ ಇಟೇವಾನ್‌ನಲ್ಲಿ ಮಸೀದಿಯ ಸುತ್ತಲಿನ ಅಂಗಡಿಗಳಲ್ಲಿ ಸಿಗುತ್ತವೆ. ಹಸಿ ಕರಿಬೇವು, ತಾಜಾ ಹಣ್ಣು, ಗಿಡದ ಕಡ್ಡಿಗಳನ್ನು ಚೀಲದಲ್ಲಿಟ್ಟು ಬರಬೇಡಿ, ವಿಮಾನ ನಿಲ್ದಾಣದ ಸಸ್ಯ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ.

ಇನ್ನು ಕಸ. ಇದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ, ಆದರೆ ನೆರೆಹೊರೆಯವರು ನಿಮ್ಮನ್ನು ಅಳೆಯುವುದು ಇದರಿಂದಲೇ. 1995ರಿಂದ ಕೊರಿಯಾದಲ್ಲಿ ಕಸದ ಪ್ರಮಾಣಕ್ಕೆ ತಕ್ಕಂತೆ ಹಣ ಕೊಡುವ ಪದ್ಧತಿಯಿದೆ: ನಿಮ್ಮ ಸ್ಥಳೀಯ ಆಡಳಿತದ ಹೆಸರು ಅಚ್ಚಾಗಿರುವ ಚೀಲವನ್ನು ಅಂಗಡಿಯಲ್ಲಿ ಕೊಂಡು ಅದರಲ್ಲೇ ಕಸ ಹಾಕಬೇಕು. ಕೊಂಡ ಚೀಲವೇ ತೆರಿಗೆ. ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯ ಮೇಲಿನ ಚೀಟಿ ಕಿತ್ತು, ತೊಳೆದು, ತುಳಿದು ಬೇರೆ ಇಡಬೇಕು. ಆಹಾರದ ಕಸಕ್ಕೆ ಬೇರೆ ಡಬ್ಬಿ. ಅಪಾರ್ಟ್‌ಮೆಂಟ್‌ಗಳಲ್ಲಿ ಕಾರ್ಡ್ ತೋರಿಸಿದರೆ ಮುಚ್ಚಳ ತೆರೆದು ತೂಕ ನೋಡಿ ಹಣ ಲೆಕ್ಕ ಹಾಕುವ ಯಂತ್ರವಿರುತ್ತದೆ. ನಾವು ಎಡವುವುದು ಇಲ್ಲಿಯೇ. ಪ್ರಾಣಿಗಳು ತಿನ್ನಬಲ್ಲದ್ದು ಮಾತ್ರ ಆಹಾರದ ಕಸ ಎಂಬುದು ಅಲ್ಲಿನ ಅಳತೆ. ಆದ್ದರಿಂದ ಈರುಳ್ಳಿ ಸಿಪ್ಪೆ, ಬೆಳ್ಳುಳ್ಳಿ ಸಿಪ್ಪೆ, ಚಹಾದ ಗಸಿ, ಗಟ್ಟಿ ಬೀಜ ಇವೆಲ್ಲ ಸಾಮಾನ್ಯ ಕಸದ ಚೀಲಕ್ಕೆ ಹೋಗಬೇಕು. ನಾನು ಮೊದಲ ವಾರ ಈರುಳ್ಳಿ ಸಿಪ್ಪೆಯನ್ನು ಆಹಾರದ ಡಬ್ಬಿಗೆ ಹಾಕುವಾಗ ಪಕ್ಕದ ಮನೆಯ ಅಜ್ಜಿ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿ, ಒಂದೊಂದೇ ಸಿಪ್ಪೆಯನ್ನು ಹೆಕ್ಕಿ ತೆಗೆದು, ತಮ್ಮ ಚೀಲಕ್ಕೆ ಹಾಕಿಕೊಂಡರು. ಭಾಷೆ ಗೊತ್ತಿಲ್ಲದೆಯೂ ನನಗೆ ಪಾಠವಾಯಿತು. ಮರುದಿನ ಅವರಿಗೆ ಕೋಸಂಬರಿ ಕೊಟ್ಟು ಬಂದೆ. ಅಂದಿನಿಂದ ಇಂದಿನವರೆಗೆ ನಮ್ಮ ನಡುವೆ ಬಟ್ಟಲು ಖಾಲಿ ಹಿಂದಿರುಗಿದ್ದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನನ್ನ ಪಾಸ್‌ಪೋರ್ಟ್ ತೆಗೆದು ನೋಡಿದೆ, ಕುಲನಾಮದ ಜಾಗ ಖಾಲಿಯೇ ಇದೆ. ಹೋಟೆಲಿನಲ್ಲಿ ಅಮ್ಮನ ಊಟದ ಗತಿಯೇನು? ‘ಸಸ್ಯಾಹಾರಿ’ ಎಂಬುದಕ್ಕೆ ಕೊರಿಯನ್ ಪದ ಕಲಿತರೆ ಸಾಲದೇ?

ಉತ್ತರ 4: ಸಿಯೋಲ್‌ನ ಗೃಹಿಣಿ

ಸಾಲದು. ಆ ಪದವನ್ನು ಹೇಳಿದರೆ ಮಾಂಸದ ತುಂಡನ್ನು ತೆಗೆದು ಮೀನಿನ ಸಾರಿನಲ್ಲಿ ಬಡಿಸುತ್ತಾರೆ. ಅವರಿಗೆ ಮೋಸ ಮಾಡುವ ಉದ್ದೇಶ ಖಂಡಿತ ಇಲ್ಲ; ಸಾರಿನ ನೀರು ಅವರ ಲೆಕ್ಕದಲ್ಲಿ ಮಾಂಸಾಹಾರವೇ ಅಲ್ಲ. ಹೆಚ್ಚಿನ ಸಾರುಗಳಿಗೆ ಒಣಗಿದ ಸಣ್ಣ ಮೀನನ್ನು ಕುದಿಸಿದ ನೀರೇ ಬುಡ. ಕಿಮ್ಚಿ ಎಂಬ ಹುದುಗಿಸಿದ ತರಕಾರಿಯ ಉಪ್ಪಿನಕಾಯಿಗೂ ಸಾಮಾನ್ಯವಾಗಿ ಮೀನಿನ ರಸವನ್ನೋ ಉಪ್ಪಿನ ಸೀಗಡಿಯನ್ನೋ ಹಾಕಿರುತ್ತಾರೆ. ಆದ್ದರಿಂದ ಒಂದು ಪದದ ಬದಲು ಪದಾರ್ಥಗಳ ಹೆಸರು ಹೇಳಬೇಕು: ‘ಗೋಗಿ’ ಮಾಂಸ, ‘ಸೆಂಗ್‌ಸನ್’ ಮೀನು, ‘ಹೆಮುಲ್’ ಕಡಲ ಆಹಾರ, ‘ಗ್ಯೆರಾನ್’ ಮೊಟ್ಟೆ, ‘ಯುಕ್ಸು’ ಮಾಂಸ ಮೀನಿನ ಸಾರು. ಈ ಪದಗಳನ್ನು ಹೇಳಿದ ಮೇಲೆ ‘ಪ್ಪೆ ಜುಸೆಯೊ’ ಸೇರಿಸಿದರೆ ‘ಹಾಕದೆ ಕೊಡಿ’ ಎಂದಾಗುತ್ತದೆ. ಬಲ್ಲವರಿಂದ ಕೊರಿಯನ್‌ನಲ್ಲಿ ಒಂದು ಚೀಟಿ ಬರೆಸಿ ಅಮ್ಮನ ಪರ್ಸಿನಲ್ಲಿ ಇಡಿ.

ಬಿಬಿಮ್‌ಬಾಪ್ ಎಂಬ ತರಕಾರಿ ಅನ್ನವನ್ನು ಮಾಂಸ, ಮೊಟ್ಟೆ ಬಿಟ್ಟು ಕೇಳಬಹುದು, ಆದರೆ ಜೊತೆಗೆ ಬರುವ ಕೆಂಪು ಖಾರದ ಗೊಜ್ಜನ್ನು ಕೆಲವು ಕಡೆ ಮಾಂಸದ ಪುಡಿಯೊಂದಿಗೆ ಹುರಿದಿರುತ್ತಾರೆ, ಅದನ್ನೂ ವಿಚಾರಿಸಬೇಕು. ಸಿಹಿಗುಂಬಳದ ಗಂಜಿ ‘ಹೊಬಕ್‌ಜುಕ್’ ಅಮ್ಮನಿಗೆ ಹಿಡಿಸುತ್ತದೆ. ಬೇಸಿಗೆಯಾಗಿದ್ದರೆ ಸೋಯಾ ಹಾಲಿನ ತಣ್ಣನೆಯ ಶ್ಯಾವಿಗೆ ‘ಕೊಂಗ್‌ಗುಕ್ಸು’ ಸಿಗುತ್ತಿತ್ತು. ನಿಶ್ಚಿಂತೆಯಿಂದ ಕುಳಿತು ಉಣ್ಣಬೇಕೆಂದರೆ ಬೌದ್ಧ ಮಠದ ಊಟವೇ ಸರಿ. ಅದರಲ್ಲಿ ಮಾಂಸ ಮೀನು ಇರಲಿ, ಬೆಳ್ಳುಳ್ಳಿ ಈರುಳ್ಳಿಯ ಜಾತಿಯ ಐದು ಘಾಟು ಪದಾರ್ಥಗಳೂ ನಿಷಿದ್ಧ. ಸಿಯೋಲ್‌ನ ಜೋಗ್ಯೆಸಾ ದೇವಾಲಯದ ಸುತ್ತಮುತ್ತ, ಇನ್ಸಾದಾಂಗ್ ಬೀದಿಯ ಕಡೆ ಇಂತಹ ಊಟದ ಮನೆಗಳಿವೆ, ಬೆಲೆ ಮಾತ್ರ ಸ್ವಲ್ಪ ಹೆಚ್ಚು. ಮುಂಚಿತವಾಗಿ ತಿಳಿಸಿ ಹೋಗಿ, ಮಂಡಿನೋವಿದೆ ಎಂದು ಕುರ್ಚಿಯಿರುವ ಮೇಜನ್ನೇ ಕೇಳಿ. ಹಳೆಯ ಮಾದರಿಯ ಊಟದ ಮನೆಗಳಲ್ಲಿ ನೆಲದ ಮೇಲೆ ಕೂರಿಸುತ್ತಾರೆ. ಎಲ್ಲಿಯೂ ದಾರಿ ಕಾಣದಿದ್ದರೆ, ಯಾವುದೇ ಮೂಲೆಯಂಗಡಿಯಲ್ಲಿ ಬಿಸಿ ಮಾಡಿ ತಿನ್ನುವ ಅನ್ನದ ಡಬ್ಬಿ ಸಿಗುತ್ತದೆ, ಮೈಕ್ರೊವೇವ್ ಅಲ್ಲೇ ಇರುತ್ತದೆ. ಊರಿನ ಚಟ್ನಿಪುಡಿ ಪೊಟ್ಟಣ ಬಿಚ್ಚಿದರೆ ಊಟವಾಯಿತು.

ಹೋಟೆಲಿನವರನ್ನು ಕರೆಯಲು ‘ಯೋಗಿಯೊ’ ಅನ್ನಿ. ವಯಸ್ಸಾದ ಅಡುಗೆಯವರನ್ನು ಅಲ್ಲಿನವರು ‘ಇಮೊ’ ಎಂದು ಕರೆಯುತ್ತಾರೆ, ಅಂದರೆ ತಾಯಿಯ ಸೋದರಿ, ನಮ್ಮ ಚಿಕ್ಕಮ್ಮ ದೊಡ್ಡಮ್ಮನ ಹಾಗೆ. ಚಮಚ, ಕಡ್ಡಿಗಳು ಮೇಜಿನ ಪಕ್ಕದ ಡ್ರಾಯರ್‌ನಲ್ಲಿರಬಹುದು. ಟಿಪ್ಸ್ ಕೊಡುವ ಪದ್ಧತಿಯಿಲ್ಲ.

ಉತ್ತರ 5: ಬುಸಾನ್‌ನ ವಿದ್ಯಾರ್ಥಿ

ಓಡಾಟದ ಬಗ್ಗೆ ನಾಲ್ಕು ಮಾತು. ಹೊರಡುವ ಮುನ್ನ, ಇಳಿಯುವ ದಿನಕ್ಕೆ ಮೂರು ದಿನಗಳೊಳಗೆ, ಇ-ಆಗಮನ ಪತ್ರವನ್ನು ಆನ್‌ಲೈನಿನಲ್ಲಿ ತುಂಬಬಹುದು. ಇಂಚಾನ್ ವಿಮಾನ ನಿಲ್ದಾಣದಲ್ಲಿಯೇ ಮೂಲೆಯಂಗಡಿಯಿಂದ ಟಿ-ಮನಿ ಕಾರ್ಡ್ ಕೊಂಡು ನಗದು ತುಂಬಿಸಿಕೊಳ್ಳಿ. ಬಸ್ಸು, ಮೆಟ್ರೊ, ಟ್ಯಾಕ್ಸಿ ಎಲ್ಲಕ್ಕೂ ನಡೆಯುತ್ತದೆ. ಸಿಯೋಲ್ ನಿಲ್ದಾಣಕ್ಕೆ ನೇರ ರೈಲು ಮೊದಲನೇ ಟರ್ಮಿನಲ್‌ನಿಂದ ಸುಮಾರು 43 ನಿಮಿಷ. ನೀವು ಸುವಾನ್‌ಗೆ ಹೋಗುವುದರಿಂದ ವಿಮಾನ ನಿಲ್ದಾಣದ ಬಸ್ಸೇ ಸುಲಭ.

ಬಸ್ಸಿನಿಂದ ಇಳಿಯುವಾಗಲೂ ಕಾರ್ಡ್ ಮುಟ್ಟಿಸಬೇಕು. ಹಾಗೆ ಮಾಡಿ ಅರ್ಧ ಗಂಟೆಯೊಳಗೆ ಮುಂದಿನ ಬಸ್ಸು ಅಥವಾ ಮೆಟ್ರೊ ಹತ್ತಿದರೆ ಮೂಲ ದರ ಎರಡನೇ ಬಾರಿ ಕತ್ತರಿಸುವುದಿಲ್ಲ. ದೂರಕ್ಕೆ ತಕ್ಕ ಹೆಚ್ಚುವರಿ ಮಾತ್ರ. 2025ರ ಜೂನ್ ಕೊನೆಯಿಂದ ಸಿಯೋಲ್ ಮೆಟ್ರೊದ ಮೂಲ ದರ 1,550 ವಾನ್ ಇದೆ. ಬೋಗಿಯ ಎರಡೂ ತುದಿಗಳ ಆಸನಗಳು ಹಿರಿಯರಿಗೆ ಮೀಸಲು. ಖಾಲಿಯಿದ್ದರೂ ತರುಣರು ಕೂರುವುದಿಲ್ಲ. ನಿಮ್ಮ ತಾಯಿಯವರನ್ನು ಅಲ್ಲಿಯೇ ಕೂರಿಸಿ. ಭೇಟಿಯ ಜಾಗ ಹೇಳುವಾಗ ನಿಲ್ದಾಣದ ಹೆಸರಿನ ಜೊತೆ ಹೊರದಾರಿಯ ಸಂಖ್ಯೆಯನ್ನೂ ಹೇಳಬೇಕು, ಇಲ್ಲವಾದರೆ ಒಂದೇ ನಿಲ್ದಾಣದ ಎರಡು ತುದಿಗಳಲ್ಲಿ ಇಬ್ಬರೂ ಕಾಯುತ್ತಿರುತ್ತೀರಿ. ಸಿಯೋಲ್ ಒಳಗೆ ಓಡಾಡಲು ‘ಹವಾಮಾನ ಕಾರ್ಡ್’ ಎಂಬ ಪಾಸ್ ಇದೆ, ತಿಂಗಳಿಗೆ 62,000 ವಾನ್. ನೀವೂ ಅದನ್ನೇ ತೆಗೆದುಕೊಳ್ಳಬಹುದು.

ಸಿಯೋಲ್‌ನಿಂದ ಬುಸಾನ್‌ಗೆ ಕೆಟಿಎಕ್ಸ್ ಎಂಬ ಅತಿವೇಗದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಅಲ್ಲಿಂದ ಲಘು ರೈಲಿನಲ್ಲಿ ಗಿಮ್ಹೆಗೆ ಹೋದರೆ ಸುರೊ ದೊರೆಯ ಸಮಾಧಿಯೂ ಅವನ ರಾಣಿ ಹೊ ಹ್ವಾಂಗ್-ಓಕ್‌ಳ ಸಮಾಧಿಯೂ ಇವೆ. ಆಕೆ ಕ್ರಿ.ಶ. 48ರಲ್ಲಿ ‘ಆಯುತ’ ಎಂಬ ದೇಶದಿಂದ ಹಡಗಿನಲ್ಲಿ ಬಂದಳೆಂದು 13ನೇ ಶತಮಾನದ ಕೊರಿಯನ್ ಗ್ರಂಥವೊಂದು ಹೇಳುತ್ತದೆ. ಅದನ್ನು ಅಯೋಧ್ಯೆ ಎಂದು ಹಲವರು ನಂಬುತ್ತಾರೆ. ಐತಿಹ್ಯವೇ ಇರಲಿ, ಅಮ್ಮನವರಿಗೆ ಸಂತೋಷವಾದೀತು. ಸಿಯೋಲ್‌ನ ಗ್ಯಾಂಗ್‌ಬೊಕ್ ಅರಮನೆಗೆ ಮಂಗಳವಾರ ರಜೆ ಎಂಬುದು ನೆನಪಿರಲಿ.

ಉತ್ತರ 6: ಸುವಾನ್ ನಿವಾಸಿ

ವಿದ್ಯಾರ್ಥಿ ಮಿತ್ರರ ಮಾತಿಗೊಂದು ತಿದ್ದುಪಡಿ. ಹವಾಮಾನ ಕಾರ್ಡ್ ಮುಖ್ಯವಾಗಿ ಸಿಯೋಲ್ ನಗರದ ಒಳಗಿನ ಓಡಾಟಕ್ಕಾಗಿ ಇರುವಂಥದ್ದು. ಸುವಾನ್‌ನಲ್ಲಿ ಇರುವವರು 2024ರ ಮೇನಲ್ಲಿ ಬಂದ ಕೆ-ಪಾಸ್ ನೋಡಬೇಕು. ತಿಂಗಳಿಗೆ ಕನಿಷ್ಠ ಹದಿನೈದು ಬಾರಿ ಪ್ರಯಾಣಿಸಿದರೆ ಖರ್ಚಿನ ಒಂದು ಭಾಗ ಮರಳಿ ಬರುತ್ತದೆ, ನೋಂದಣಿ ಕಾರ್ಡ್ ಇರುವ ವಿದೇಶಿಯರಿಗೂ ಸಿಗುತ್ತದೆ. ಅಮ್ಮನವರು ಸಿಯೋಲ್‌ನಲ್ಲಿ ಎರಡು ಮೂರು ದಿನ ತಂಗಿದರೆ ಹವಾಮಾನ ಕಾರ್ಡಿನ ಪ್ರವಾಸಿ ಪಾಸ್ ಅವರಿಗೆ ಸರಿಹೋಗುತ್ತದೆ.

ಮನೆಯ ವಿಷಯ. ಕೊರಿಯಾದಲ್ಲಿ ‘ವೊಲ್ಸೆ’ ಎಂದರೆ ಮುಂಗಡದ ಜೊತೆ ತಿಂಗಳ ಬಾಡಿಗೆ; ‘ಜಾನ್ಸೆ’ ಎಂದರೆ ಬಾಡಿಗೆಯಿಲ್ಲದೆ ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು ಅವಧಿ ಮುಗಿದ ಮೇಲೆ ಹಿಂಪಡೆಯುವುದು. ಬೆಂಗಳೂರಿನ ಭೋಗ್ಯವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅದರ ಅಪಾಯವನ್ನೂ ಹೇಳಬೇಕಿಲ್ಲ. ಮಾಲೀಕ ಸಾಲಗಾರನಾಗಿ ಮನೆ ಹರಾಜಿಗೆ ಬಂದು, ಬಾಡಿಗೆದಾರರು ಜೀವಮಾನದ ಉಳಿತಾಯ ಕಳೆದುಕೊಂಡ ಪ್ರಕರಣಗಳು ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಬಹಳ ನಡೆದಿವೆ. ನಾವು ಋಣಭಾರ ಪತ್ರ ನೋಡುವ ಹಾಗೆ ಅಲ್ಲಿ ನೋಂದಣಿ ದಾಖಲೆ ‘ದುಂಗ್‌ಗಿಬು’ ನೋಡಬೇಕು. ಆನ್‌ಲೈನಿನಲ್ಲಿ 700 ವಾನ್‌ಗೆ ಓದಲು ಸಿಗುತ್ತದೆ. ಸಹಿ ಹಾಕುವ ದಿನ ಒಮ್ಮೆ, ಬಾಕಿ ಹಣ ಕೊಡುವ ಬೆಳಿಗ್ಗೆ ಮತ್ತೊಮ್ಮೆ ನೋಡಿ. ಮನೆ ಸೇರಿದ ಕೂಡಲೇ ವಿಳಾಸ ಬದಲಾವಣೆ ತಿಳಿಸಿ, ಒಪ್ಪಂದ ಪತ್ರಕ್ಕೆ ‘ಹ್ವಾಕ್‌ಜಾಂಗ್ ಇಲ್ಜ’ ಎಂಬ ದಿನಾಂಕದ ಮುದ್ರೆ ಹಾಕಿಸಿ. ಇವೆರಡೂ ಇದ್ದರೆ ಹರಾಜಿನ ಹಣದಲ್ಲಿ ಆಮೇಲೆ ಬಂದ ಸಾಲಗಾರರಿಗಿಂತ ಮೊದಲು ನಿಮ್ಮ ಪಾಲು ನಿಲ್ಲುತ್ತದೆ. ಎರಡೇ ವರ್ಷಕ್ಕೆ ಬರುವವರಿಗೆ ಸಣ್ಣ ಮುಂಗಡದ ವೊಲ್ಸೆಯೇ ಕ್ಷೇಮ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಫೆಬ್ರುವರಿಯಲ್ಲಿ ಬರುತ್ತಿದ್ದೀರಿ, ಕೊರೆಯುವ ಚಳಿ ಇರುತ್ತದೆ. ಮನೆ ಬಿಟ್ಟು ಹೋಗುವಾಗ ಬಾಯ್ಲರನ್ನು ಪೂರ್ತಿ ಆರಿಸಬೇಡಿ, ‘ವೆಚುಲ್’ ಎಂಬ ಗುಂಡಿ ಒತ್ತಿ. ತೀರಾ ಹೆಪ್ಪುಗಟ್ಟುವ ರಾತ್ರಿ ನಲ್ಲಿಯಿಂದ ನೂಲಿನಷ್ಟು ನೀರು ಬಿಟ್ಟಿರಬೇಕು, ಇಲ್ಲವಾದರೆ ಕೊಳವೆ ಒಡೆಯುತ್ತದೆ.

ಆರೋಗ್ಯ ವಿಮೆ ಉದ್ಯೋಗದ ಮೂಲಕ ನಿಮಗೆ ಬರುತ್ತದೆ. 2024ರ ಏಪ್ರಿಲ್‌ನಿಂದ ವಿದೇಶಿ ಅವಲಂಬಿತರು ಆರು ತಿಂಗಳು ಕೊರಿಯಾದಲ್ಲಿದ್ದ ಮೇಲೆ ಮಾತ್ರ ವಿಮೆಗೆ ಸೇರಬಹುದು ಎಂಬ ನಿಯಮ ಬಂದಿದೆ, ಆದರೆ ಪತ್ನಿಗೂ ಅಪ್ರಾಪ್ತ ಮಕ್ಕಳಿಗೂ ಅದು ಅನ್ವಯಿಸುವುದಿಲ್ಲ. ತಾಯಿಯವರಿಗೆ ಭಾರತದಿಂದಲೇ ಪ್ರವಾಸ ವಿಮೆ ಮಾಡಿಸಿ. ಶೀತ ಜ್ವರಕ್ಕೆ ದೊಡ್ಡ ಆಸ್ಪತ್ರೆಗೆ ಹೋಗಬೇಡಿ, ಬೀದಿಗೊಂದು ಸಣ್ಣ ಚಿಕಿತ್ಸಾಲಯವಿದೆ. ‘ನೆಗ್ವಾ’ ಎಂದರೆ ಆಂತರಿಕ ರೋಗಗಳ ವೈದ್ಯರು, ಶೀತ ಜ್ವರಕ್ಕೂ ಅವರೇ. ಚೀಟಿ ಹಿಡಿದು ಕೆಳಗಿನ ಔಷಧದಂಗಡಿ ‘ಯಾಕ್ಕುಕ್’ಗೆ ಹೋದರೆ ಹೊತ್ತಿಗೊಂದರಂತೆ ಮಾತ್ರೆಗಳನ್ನು ಪುಟ್ಟ ಪೊಟ್ಟಣಗಳಲ್ಲಿ ಕಟ್ಟಿ, ಸರದ ಹಾಗೆ ಜೋಡಿಸಿ ಕೊಡುತ್ತಾರೆ. ಆ್ಯಂಬುಲೆನ್ಸಿಗೆ 119, ಪೊಲೀಸರಿಗೆ 112. ಪ್ರವಾಸದಲ್ಲಿ ಭಾಷೆಯ ತೊಡಕಾದರೆ 1330 ಸಂಖ್ಯೆಯವರು ಇಂಗ್ಲಿಷಿನಲ್ಲಿ ಮಾತನಾಡಿ ಎದುರಿನವರಿಗೆ ತಿಳಿಸಿ ಹೇಳುತ್ತಾರೆ. ಈ ಮೂರನ್ನೂ ಅಮ್ಮನವರ ಫೋನಿನಲ್ಲಿ ಕನ್ನಡದಲ್ಲಿ ಹೆಸರು ಹಾಕಿ ಉಳಿಸಿಡಿ.

ಪ್ರಶ್ನೆ ಕೇಳಿದವರು, ಏಪ್ರಿಲ್ ಮೊದಲ ವಾರ, ಸುವಾನ್‌ನಿಂದ

ಮತ್ತೆ ನಮಸ್ಕಾರ. ಕಳೆದ ವಾರ ಕಾರ್ಡ್ ಬಂದಿತು. ಬ್ಯಾಂಕಿನಲ್ಲಿ ಪರದೆ ತಿರುಗಿಸಿ ತೋರಿಸಲು ಕೇಳಿದೆ; ನನ್ನ ಹೆಸರಿನ ಮಧ್ಯೆ ಒಂದು ಖಾಲಿ ಜಾಗ ಕಡಿಮೆಯಿತ್ತು, ಅಲ್ಲಿಯೇ ಸರಿಪಡಿಸಿದರು. ಅದೇ ಸಂಜೆ ಮೊಬೈಲ್ ದೃಢೀಕರಣ ಮೊದಲ ಪ್ರಯತ್ನದಲ್ಲೇ ಆಯಿತು. ಮನೆಗೆ ಐವತ್ತು ಲಕ್ಷ ವಾನ್ ಮುಂಗಡದ ವೊಲ್ಸೆ ಮಾಡಿಕೊಂಡೆವು, ಮುದ್ರೆಯೂ ಬಿದ್ದಿದೆ. ಪತ್ನಿ ಈರುಳ್ಳಿ ಸಿಪ್ಪೆಗೆಂದು ಸಿಂಕಿನ ಪಕ್ಕ ಬೇರೆ ಡಬ್ಬಿಯನ್ನೇ ಇಟ್ಟಿದ್ದಾರೆ. ಭಾನುವಾರ ಅಮ್ಮ ಬರುತ್ತಾರೆ. ಚೀಟಿಯನ್ನು ನನ್ನ ಸಹೋದ್ಯೋಗಿಯೊಬ್ಬರು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು, ಕೊನೆಯಲ್ಲಿ ತಾವಾಗಿಯೇ ಒಂದು ಸಾಲು ಸೇರಿಸಿದರು. ನಾನು ಅಕ್ಷರ ಕೂಡಿಸಿ ಓದಿದೆ: ‘ನಮ್ಮ ಅಮ್ಮ, ದಯವಿಟ್ಟು ಚೆನ್ನಾಗಿ ನೋಡಿಕೊಳ್ಳಿ.’